ದೀಪಾವಳಿಗೆ ಬೆಂಗಳೂರಿನಿಂದ ಶಿರಸಿಗೆ: ಒಂದು ಲ್ಯಾಬ್ರಡಾರ್, ಒಂದು ಬೆಕ್ಕು, ಒಂದೇ ಕಾರು. ತಯಾರಿ ಹೇಗೆ?

ಹೊರಟವ_ಬೆಂಗಳೂರು

ಹಬ್ಬಕ್ಕೆ ಇನ್ನೂ ಏಳು ವಾರ ಇದೆ. ಶಿರಸಿ ಹತ್ತಿರದ ಹಳ್ಳಿಗೆ, ಅತ್ತೆ ಮನೆಗೆ, ಐದು ದಿನಕ್ಕೆ ಹೋಗುವುದು. ಸುಮಾರು 410 ಕಿ.ಮೀ. ದಾರಿ ತುಮಕೂರು, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಅಲ್ಲಿಂದ ಎಡಕ್ಕೆ ಶಿರಸಿ. ಕಾರು ಬ್ರೆಜಾ. ಮುಂದೆ ನಾವಿಬ್ಬರು, ಹಿಂದೆ ಪ್ರಾಣಿಗಳು.

ನಾಯಿ: ಲ್ಯಾಬ್ರಡಾರ್, ಗಂಡು, 4 ವರ್ಷ, 28 ಕೆಜಿ. ಒಂದು ಗಂಟೆ ಮೀರಿದ ಪ್ರಯಾಣ ಗೊತ್ತಿಲ್ಲ, ತಿರುವಿನ ರಸ್ತೆಯಲ್ಲಿ ವಾಂತಿ ಮಾಡುತ್ತಾನೆ. ಬೆಕ್ಕು: ನಾಟಿ, ಹೆಣ್ಣು, 3.5 ಕೆಜಿ. ಆಸ್ಪತ್ರೆಗೆ ಬಿಟ್ಟರೆ ಕಾರು ಹತ್ತಿದ್ದಿಲ್ಲ.

ಕೇಳಬೇಕಾದ್ದು ಇಷ್ಟು: ಕಾರಿನಲ್ಲಿ ಇಬ್ಬರನ್ನೂ ಎಲ್ಲಿ, ಹೇಗೆ ಕೂರಿಸುವುದು? ನಿದ್ದೆ ಮಾತ್ರೆ ಕೊಡಬಹುದೇ? ಹಳ್ಳಿಯಲ್ಲಿ ಯಾವುದಕ್ಕೆ ಹೆದರಬೇಕು? ಇಬ್ಬರನ್ನೂ ಬೆಂಗಳೂರಿನಲ್ಲೇ ಬಿಟ್ಟು ಹೋಗಿ ಎನ್ನುವ ಸಲಹೆ ಬೇಡ, ನೋಡಿಕೊಳ್ಳುವವರು ಯಾರೂ ಇಲ್ಲ.

---

ಪಾನಾ_ಹಿಡಿದವ

ಮೊದಲು ಕಟ್ಟುವ ವಿಷಯ. ಹೆಚ್ಚಿನವರು ತಪ್ಪುವುದು ಇಲ್ಲೇ.

50 ಕಿ.ಮೀ. ವೇಗದಲ್ಲಿರುವ ಕಾರು ಗುದ್ದಿ 0.1 ಸೆಕೆಂಡಿನಲ್ಲಿ ನಿಂತಿತು ಅಂದುಕೊಳ್ಳಿ. ಒಳಗಿರುವ ಪ್ರತಿ ವಸ್ತುವಿನ ಮೇಲೂ ಅದರ ತೂಕದ ಸುಮಾರು 14 ಪಟ್ಟು ಬಲ ಬೀಳುತ್ತದೆ. 28 ಕೆಜಿ ನಾಯಿಗೆ ಅದು ಹತ್ತಿರ ಹತ್ತಿರ 400 ಕೆಜಿ. ನೀವು ಹೆದ್ದಾರಿಯಲ್ಲಿ ಓಡಿಸುವುದು 50ರಲ್ಲಿ ಅಲ್ಲ. ಹಾಗಾಗಿ ಕಟ್ಟದ ನಾಯಿ ತನ್ನ ಜೀವದ ಜೊತೆ ಮುಂದೆ ಕೂತವರ ಕುತ್ತಿಗೆಯನ್ನೂ ತೆಗೆಯಬಲ್ಲದು.

ಕುತ್ತಿಗೆ ಪಟ್ಟಿಗೆ ಬೆಲ್ಟ್ ಕಟ್ಟಲೇಬೇಡಿ. ಜೋರಾಗಿ ಬ್ರೇಕ್ ಹಾಕಿದರೂ ಶ್ವಾಸನಾಳ, ಕತ್ತಿನ ಮೂಳೆ ಹೋಗುತ್ತವೆ. ಬೇಕಾದ್ದು ಎದೆಗೆ ಅಗಲವಾದ ಪಟ್ಟಿ ಇರುವ ಹಾರ್ನೆಸ್. ವಾಕಿಂಗಿಗೆಂದು ಮಾರುವ ತೆಳು ಹಾರ್ನೆಸ್ ಇದಕ್ಕೆ ಆಗದು. ಡಿಕ್ಕಿ ಪರೀಕ್ಷೆ ಪಾಸಾದ ಹಾರ್ನೆಸ್ ಸಿಕ್ಕರೆ ಅದೇ ಸರಿ. ಸಿಗದಿದ್ದರೆ ಕೊಳ್ಳುವಾಗ ಎರಡು ನೋಡಿ. ಪಟ್ಟಿಯ ಹೊಲಿಗೆ ಸೀಟ್ ಬೆಲ್ಟಿನ ಹಾಗೆ ಅಡ್ಡಡ್ಡ ದಪ್ಪಗಿರಬೇಕು. ಭಾರ ಹೊರುವ ಜಾಗದಲ್ಲಿ ಪ್ಲಾಸ್ಟಿಕ್ ಬಕಲ್ ಇರಬಾರದು.

ಸೀಟ್ ಬೆಲ್ಟ್ ಬಕಲಿಗೆ ಚುಚ್ಚುವ ನಾಲಿಗೆ ಇರುವ ಅಗ್ಗದ ಪಟ್ಟಿಗಳು ಬರುತ್ತವಲ್ಲ, ಅವುಗಳಲ್ಲಿ ಮೂರು ತೊಂದರೆ. ನಾಲಿಗೆ ಎಲ್ಲಾ ಕಾರಿಗೂ ಸರಿಯಾಗಿ ಕೂರದು, ಕ್ಲಿಕ್ ಅಂದ ಹಾಗೆ ಕೇಳಿಸಿ ಅರ್ಧಕ್ಕೇ ನಿಂತಿರುತ್ತದೆ. ನಾಯಿ ಬಕಲಿನ ಕೆಂಪು ಗುಂಡಿಯ ಮೇಲೆ ಕಾಲಿಟ್ಟರೆ ಬಿಚ್ಚಿಕೊಳ್ಳುತ್ತದೆ. ತುದಿಯ ಕೊಂಡಿ ಹಗುರ ಲೋಹದ ಎರಕವಾದ್ದರಿಂದ ಎಳೆತಕ್ಕೆ ಮುರಿಯುತ್ತದೆ. ಇದರ ಬದಲು ಕಾರಿನದೇ ಮೂರು ಬಿಂದುವಿನ ಬೆಲ್ಟನ್ನು ಹಾರ್ನೆಸ್ ಬೆನ್ನಿನ ಕುಣಿಕೆಯೊಳಗೆ ತೂರಿಸಿ ಬಕಲ್ ಹಾಕಿ. ನಾಯಿ ಮಲಗಲು, ತಿರುಗಲು ಬೆಲ್ಟ್ ಸಡಿಲಾಗುತ್ತದೆ, ಜಗ್ಗಿದರೆ ತಾನೇ ಹಿಡಿದುಕೊಳ್ಳುತ್ತದೆ. ಬಕಲಿಗೆ ಮೇಲೆ ಬಾಯಿ ತೆರೆದ ಗಟ್ಟಿ ರಬ್ಬರಿನ ಕವಚ ಹಾಕಿದರೆ ಕಾಲು ಗುಂಡಿಗೆ ತಾಗದು.

ಜಾಗ: ನಾಯಿ ಚಾಲಕನ ಹಿಂದಿನ ಸೀಟಿನಲ್ಲಿ. ಬೆಕ್ಕಿನ ಪೆಟ್ಟಿಗೆ ಎಡ ಮುಂದಿನ ಸೀಟಿನ ಹಿಂದೆ, ಕಾಲಿಡುವ ಜಾಗದಲ್ಲಿ, ನೆಲದ ಮೇಲೆ. ಮುಂದಿನ ಸೀಟನ್ನು ಪೆಟ್ಟಿಗೆಗೆ ಆತುಕೊಳ್ಳುವಷ್ಟು ಹಿಂದಕ್ಕೆ ಸರಿಸಿದರೆ ಅದು ಅಲ್ಲಾಡದು. ಪೆಟ್ಟಿಗೆಯನ್ನು ಸೀಟಿನ ಮೇಲಿಟ್ಟು ಹಿಡಿಕೆಯೊಳಗೆ ಬೆಲ್ಟ್ ಹಾಕುವುದು ಸುರಕ್ಷಿತ ಅನ್ನಿಸುತ್ತದೆ, ಆದರೆ ಆ ರೀತಿ ಪರೀಕ್ಷೆಯಾಗದ ಪೆಟ್ಟಿಗೆಯನ್ನು ಡಿಕ್ಕಿಯ ಹೊತ್ತಿಗೆ ಬೆಲ್ಟೇ ಹಿಸುಕಿ ಒಡೆಯುತ್ತದೆ. ನಾಯಿಗೆ ಹಾಸುವ ತೊಟ್ಟಿಲಿನಂಥ ಸೀಟ್ ಕವರ್ ಪೂರ್ತಿ ಬಿಚ್ಚಿದರೆ ಕೆಳಗಿನ ಬೆಕ್ಕಿಗೆ ಗಾಳಿ ಹೋಗದು. ಎಡಭಾಗವನ್ನು ಮಡಚಿ ಸೀಟಿನ ಮೇಲಷ್ಟೇ ಇರಲಿ.

ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಯಾರೂ ಬೇಡ. ಏರ್‌ಬ್ಯಾಗ್ ಮನುಷ್ಯರ ಎದೆಯ ಅಳತೆಗೆ ಮಾಡಿದ್ದು. ಹಿಂದಿನ ಬಾಗಿಲುಗಳಿಗೆ ಚೈಲ್ಡ್ ಲಾಕ್, ಚಾಲಕನ ಕಡೆಯಿಂದ ಕಿಟಕಿ ಲಾಕ್. ತಲೆ ಹೊರಗೆ ಹಾಕಲು ಬಿಡಬೇಡಿ. ಸಣ್ಣ ಕಲ್ಲು, ಹುಳ ಕಣ್ಣಿಗೆ ಹೊಡೆದರೆ ಹುಣ್ಣಾಗುತ್ತದೆ, ಗಾಜಿನ ಗುಂಡಿಯ ಮೇಲೆ ನಾಯಿಯೇ ಕಾಲಿಟ್ಟರೆ ಕತ್ತು ಸಿಕ್ಕಿಕೊಳ್ಳುತ್ತದೆ.

---

ಊರಕಡೆಯವ

ಬೆಕ್ಕಿಗೆ ಪೆಟ್ಟಿಗೆ ಯಾಕೆ, ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡರೆ ಸಾಕಲ್ಲವೇ? ನಾಯಿಯನ್ನು ಹಿಂದಿನ ರಾತ್ರಿಯಿಂದ ಉಪವಾಸ ಕೆಡವಿದರೆ ವಾಂತಿಯೂ ಇಲ್ಲ.

---

ಪಶುವೈದ್ಯೆ_ಹೆಬ್ಬಾಳ

ಎರಡೂ ಬೇಡ ಸರ್. ಗಾಬರಿಯಾದ ಬೆಕ್ಕು ಟವೆಲಿನಿಂದ ಜಾರಿ ಬ್ರೇಕ್ ಪೆಡಲಿನ ಕೆಳಗೆ ಸೇರಿಕೊಳ್ಳುತ್ತದೆ. ಅಲ್ಲಿಂದ ಅದನ್ನು ಎಳೆಯುವುದು ಕಾರು ನಿಲ್ಲಿಸಿದ ಮೇಲೂ ಕಷ್ಟ. ಪೂರ್ತಿ ಖಾಲಿ ಹೊಟ್ಟೆಯಲ್ಲಿ ಹೋದ ನಾಯಿ ಹಳದಿ ಪಿತ್ತ ಕಕ್ಕುತ್ತದೆ. ಹೊರಡುವ 3ರಿಂದ 4 ಗಂಟೆ ಮೊದಲು ಮಾಮೂಲಿನ ಮೂರನೇ ಒಂದು ಪಾಲು ಊಟ ಕೊಟ್ಟರೆ ಸರಿಯಾಗುತ್ತದೆ. ಬೆಳಗಿನ ಜಾವ 5ಕ್ಕೆ ಹೊರಡುವುದಾದರೆ ರಾತ್ರಿ ಊಟ ಸ್ವಲ್ಪ ತಡಮಾಡಿ, ಬೆಳಿಗ್ಗೆ ಎರಡು ಬಿಸ್ಕತ್ತಿನಷ್ಟು ಮಾತ್ರ.

ಈಗ ಏಳು ವಾರದ ಲೆಕ್ಕ.

ಈ ವಾರವೇ ಲಸಿಕೆ ಪುಸ್ತಕ ತೆಗೆದು ನೋಡಿ. ರೇಬೀಸ್ ಲಸಿಕೆ ಇಬ್ಬರಿಗೂ ಚಾಲ್ತಿಯಲ್ಲಿರಬೇಕು. ಮೊದಲ ಸಲ ಹಾಕಿಸುವುದಾದರೆ ರಕ್ಷಣೆ ಬರಲು ಮೂರು–ನಾಲ್ಕು ವಾರ ಬೇಕು. ನಾಯಿಗೆ ಲೆಪ್ಟೊಸ್ಪೈರೋಸಿಸ್ ಲಸಿಕೆ ವರ್ಷಕ್ಕೊಮ್ಮೆ ಕೊಡಿಸಿದ್ದೀರಾ ಎಂದೂ ನೋಡಿ. ಮಲೆನಾಡಿನಲ್ಲಿ ಮಳೆ ಮುಗಿದ ಹೊತ್ತಿಗೆ ಗದ್ದೆ, ತೋಟದ ಕಾಲುವೆಗಳಲ್ಲಿ ನೀರು ನಿಂತಿರುತ್ತದೆ, ಇಲಿಯ ಉಚ್ಚೆ ಸೇರಿದ ಆ ನೀರಿನಿಂದ ರೋಗ ಬರುತ್ತದೆ. ಲಸಿಕೆ ತಪ್ಪಿ ಬಹಳ ಕಾಲವಾಗಿದ್ದರೆ 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಅದಕ್ಕೇ ಈಗಲೇ ಶುರುಮಾಡಿ ಅನ್ನುವುದು.

ಉಣ್ಣಿ ಔಷಧ. ಇದನ್ನು ದಯವಿಟ್ಟು ಎರಡು ಸಲ ಓದಿ. ನಾಯಿಯ ಬೆನ್ನಿಗೆ ಹನಿಸುವ ಕೆಲವು ಔಷಧಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ನಾಯಿಗೆ ಅದು ಏನೂ ಮಾಡದು. ಬೆಕ್ಕಿನ ಯಕೃತ್ತಿಗೆ ಅದನ್ನು ಒಡೆಯುವ ಶಕ್ತಿ ಇಲ್ಲ. ಹನಿಸಿದ ನಾಯಿಗೆ ಮೈ ಒರೆಸಿದ ಬೆಕ್ಕು, ಅದೇ ಹಾಸಿಗೆಯಲ್ಲಿ ಮಲಗಿದ ಬೆಕ್ಕು ನಡುಗಿ, ಫಿಟ್ಸ್ ಬಂದು ಸಾಯಬಹುದು. ಒಂದೇ ಕಾರಿನಲ್ಲಿ ಇಬ್ಬರೂ ಹೋಗುವುದರಿಂದ ನಾಯಿಗೆ ಬಾಯಿಯಲ್ಲಿ ಕೊಡುವ ಮಾತ್ರೆಯೇ ಸರಿ. ಫ್ಲುರಲಾನರ್ ಆದರೆ ಒಂದು ಮಾತ್ರೆ ಸುಮಾರು 12 ವಾರ, ಅಫೊಕ್ಸೊಲಾನರ್ ಆದರೆ ಒಂದು ತಿಂಗಳು. ಫ್ಲುರಲಾನರ್‌ನಲ್ಲಿ 20ರಿಂದ 40 ಕೆಜಿ ನಾಯಿಗೆ 1000 ಮಿ.ಗ್ರಾಂ. ಮಾತ್ರೆ, ಅದನ್ನು ಊಟದ ಜೊತೆಯಲ್ಲೇ ಕೊಡಬೇಕು. ಹೊರಡುವ ಹತ್ತು ದಿನ ಮೊದಲು ಕೊಟ್ಟರೆ ಹೊಟ್ಟೆ ಕೆಟ್ಟರೂ ಮನೆಯಲ್ಲೇ ಗೊತ್ತಾಗುತ್ತದೆ. ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಈ ಜಾತಿಯ ಮಾತ್ರೆಗೆ ಮೊದಲು ನಿಮ್ಮ ವೈದ್ಯರಿಗೆ ಹೇಳಲೇಬೇಕು.

ವಾಂತಿಗೆ ಮರೋಪಿಟೆಂಟ್. ಇಲ್ಲಿ ಒಂದು ಎಡವಟ್ಟು ಮತ್ತೆ ಮತ್ತೆ ಆಗುತ್ತದೆ. ಸಾಮಾನ್ಯ ವಾಂತಿಗೆ ಮಾತ್ರೆಯ ಪ್ರಮಾಣ ಕೆಜಿಗೆ 2 ಮಿ.ಗ್ರಾಂ., ಪ್ರಯಾಣದ ವಾಂತಿಗೆ ಕೆಜಿಗೆ 8 ಮಿ.ಗ್ರಾಂ. ಮೊದಲನೆಯ ಲೆಕ್ಕದಲ್ಲಿ ಕೊಟ್ಟು ಔಷಧ ಕೆಲಸ ಮಾಡಲಿಲ್ಲ ಅನ್ನುವವರು ಬಹಳ. ಚೀಟಿ ಬರೆಸುವಾಗ ‘ಕಾರಿನ ವಾಂತಿಗೆ’ ಎಂದು ಬಿಡಿಸಿ ಹೇಳಿ. ಹೊರಡುವ ಎರಡು ಗಂಟೆ ಮೊದಲು, ಒಂದು ತುಣುಕು ತಿಂಡಿಯೊಳಗಿಟ್ಟು ಕೊಡುವುದು. ಮನುಷ್ಯರಿಗೆ ಕೊಡುವ ಒಂಡನ್ಸೆಟ್ರಾನ್ ಪ್ರಯಾಣದ ವಾಂತಿಗೆ ಅಷ್ಟಾಗಿ ನಾಟದು.

ನಿದ್ದೆ ಮಾತ್ರೆ: ಅಸೆಪ್ರೊಮಜೀನ್ ಕೇಳಿ ತರಬೇಡಿ. ಅದು ಮೈಯನ್ನು ಜೋಲಾಡಿಸುತ್ತದೆ, ಭಯವನ್ನು ಕಳೆಯುವುದಿಲ್ಲ. ನಾಯಿ ಒಳಗೆ ಹೆದರಿಯೇ ಇರುತ್ತದೆ, ಓಡಲಾಗದೆ ಬಿದ್ದಿರುತ್ತದೆ. ರಕ್ತದೊತ್ತಡ ಇಳಿಯುತ್ತದೆ, ಮೈ ಬಿಸಿ ಹದದಲ್ಲಿಟ್ಟುಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಬೆಕ್ಕಿಗೆ ಗ್ಯಾಬಪೆಂಟಿನ್ ಒಳ್ಳೆಯದು, ವೈದ್ಯರು ಸಾಮಾನ್ಯವಾಗಿ ಒಂದು ಬೆಕ್ಕಿಗೆ 50ರಿಂದ 100 ಮಿ.ಗ್ರಾಂ. ಬರೆಯುತ್ತಾರೆ, ಹೊರಡುವ 2–3 ಗಂಟೆ ಮೊದಲು. ಮೂತ್ರಪಿಂಡದ ತೊಂದರೆ ಇದ್ದರೆ ಇನ್ನೂ ಕಡಿಮೆ. ಯಾವುದೇ ಮಾತ್ರೆಯಿರಲಿ, ಎರಡು ವಾರ ಮೊದಲು ಒಂದು ರಜಾ ದಿನ ಮನೆಯಲ್ಲೇ ಕೊಟ್ಟು ನೋಡಿ. ಹೆದ್ದಾರಿಯಲ್ಲಿ ಮೊದಲ ಡೋಸ್ ಬೇಡ. ನಿಮ್ಮ ಕೈಚೀಲದ ಪ್ಯಾರಾಸಿಟಮಾಲ್ ಬೆಕ್ಕಿಗೆ ಅರ್ಧ ಮಾತ್ರೆಯೂ ವಿಷ.

---

ಕರಿಬೆಕ್ಕು_77

ಬೆಕ್ಕಿನ ಭಾಗ ನಾನು ಹೇಳುತ್ತೇನೆ.

ಪೆಟ್ಟಿಗೆ ಗಟ್ಟಿ ಪ್ಲಾಸ್ಟಿಕ್ಕಿನದು, ಮೇಲೂ ಮುಂದೂ ಬಾಗಿಲಿರುವಂಥದ್ದು. 3.5 ಕೆಜಿಗೆ ಸುಮಾರು 48 ಸೆಂ.ಮೀ. ಉದ್ದ, 32 ಅಗಲ, 30 ಎತ್ತರ ಸಾಕು. ಮೊದಲು ನಿಮ್ಮ ಕಾರಿನ ಕಾಲಿಡುವ ಜಾಗ ಅಳೆದು ಆಮೇಲೆ ಕೊಳ್ಳಿ. ಮೇಲಿನ, ಕೆಳಗಿನ ಭಾಗ ಕೂಡಿಸುವ ಪ್ಲಾಸ್ಟಿಕ್ ಚಿಲಕಗಳು ಎತ್ತಿದಾಗ ಕಳಚಿಕೊಳ್ಳುತ್ತವೆ. ನಾಲ್ಕು ಮೂಲೆಗೂ ಒಂದೊಂದು ಕೇಬಲ್ ಟೈ ಬಿಗಿಯಿರಿ.

ಇಂದೇ ಪೆಟ್ಟಿಗೆಯನ್ನು ಹಾಲ್‌ನಲ್ಲಿ ಬಾಗಿಲು ತೆಗೆದು ಇಡಿ. ಊಟ ಅದರ ಬಾಯಲ್ಲಿ, ಒಂದು ವಾರದ ಮೇಲೆ ಒಳಗೆ. ಮೂರನೇ ವಾರ ಬಾಗಿಲು ಮುಚ್ಚಿ ಐದು ನಿಮಿಷ. ನಾಲ್ಕನೇ ವಾರ ಕಾರಿನಲ್ಲಿಟ್ಟು ಎಂಜಿನ್ ಹಾಕಿ, ಓಡಿಸಬೇಡಿ. ಐದನೇ ವಾರ ಬೀದಿ ಸುತ್ತು, ಆರನೇ ವಾರ ನೆಲಮಂಗಲದ ತನಕ ಹೋಗಿ ಬನ್ನಿ. ಆಸ್ಪತ್ರೆಗೆ ಹೋಗುವ ದಿನ ಮಾತ್ರ ಅಟ್ಟದಿಂದ ಇಳಿಯುವ ಪೆಟ್ಟಿಗೆಯನ್ನು ಬೆಕ್ಕು ಎಂದೂ ಮರೆಯುವುದಿಲ್ಲ.

ಎಂಟು ಗಂಟೆ ಬೆಕ್ಕು ಉಚ್ಚೆ ತಡೆದುಕೊಳ್ಳುತ್ತದೆ, ಅದಕ್ಕಾಗಿ ದಾರಿಯಲ್ಲಿ ಹೊರಗೆ ತೆಗೆಯಬೇಡಿ. ಅಡಿಯಲ್ಲಿ ಹೀರುವ ಪ್ಯಾಡ್, ಅದರ ಮೇಲೆ ತೊಳೆಯದ ಹಳೆ ಹೊದಿಕೆ. ಮೂರು ಬದಿಗೆ ತೆಳು ಹತ್ತಿ ಬಟ್ಟೆ, ಬಾಗಿಲ ಕಡೆ ಗಾಳಿಗೆ ಬಿಡಿ. ಪ್ಯಾಡ್ ಬದಲಿಸಲೇಬೇಕಾದರೆ ಕಾರಿನ ನಾಲ್ಕೂ ಬಾಗಿಲು, ಗಾಜು ಮುಚ್ಚಿ, ನಾಯಿಯನ್ನು ಇನ್ನೊಬ್ಬರು ಹೊರಗೆ ಕರೆದೊಯ್ದ ಮೇಲೆ.

ಕಳೆದುಹೋಗುವುದು ಹೆಚ್ಚಾಗಿ ಊರು ತಲುಪಿದ ಮೇಲೆ. ಹೆಂಚಿನ ಮನೆಯಲ್ಲಿ ಗೋಡೆಗೂ ಮಾಡಿಗೂ ನಡುವೆ ಸಂದು ಇರುತ್ತದೆ, ಬೆಕ್ಕು ಕಪಾಟು ಹತ್ತಿ ಅಲ್ಲಿಂದ ಮಾಡಿನ ಮೇಲೆ. ಹಾಗಾಗಿ ಮುಚ್ಚಿಗೆ ಇರುವ ಅಥವಾ ತಾರಸಿಯ ಒಂದು ಕೋಣೆಯನ್ನು ಈಗಲೇ ಕೇಳಿಟ್ಟುಕೊಳ್ಳಿ. ಐದೂ ದಿನ ಬೆಕ್ಕು ಅಲ್ಲೇ ಇರಲಿ. ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಹಬ್ಬದ ಮನೆಯಲ್ಲಿ ಮಕ್ಕಳು ತೆರೆಯುತ್ತಲೇ ಇರುತ್ತಾರೆ.

---

ಹೊರಟವ_ಬೆಂಗಳೂರು

ಎಲ್ಲರಿಗೂ ಧನ್ಯವಾದ. ಪರ್ಮೆಥ್ರಿನ್ ವಿಷಯ ಗೊತ್ತೇ ಇರಲಿಲ್ಲ, ಡಬ್ಬಿ ತೆಗೆದು ನೋಡಿದೆ, ಅದೇ ಇದೆ. ಹಾಕುವುದಿಲ್ಲ. ಎಷ್ಟು ಹೊತ್ತಿಗೊಮ್ಮೆ ನಿಲ್ಲಿಸಬೇಕು? ಊಟಕ್ಕೆ ಹೋಟೆಲಿಗೆ ಹೋದಾಗ ಎಸಿ ಹಾಕಿ ಬಿಟ್ಟು ಹೋಗಬಹುದೇ?

---

ಪಾನಾ_ಹಿಡಿದವ

ಬಿಡಬೇಡಿ. ಎಂಜಿನ್ ನಿಂತರೆ ಎಸಿ ನಿಂತಿತು, ನಿಮಗೆ ತಿಳಿಯುವುದಿಲ್ಲ. ನಾಯಿ ಸೆಂಟ್ರಲ್ ಲಾಕ್ ಗುಂಡಿ ಒತ್ತಿದರೆ ಕೀಲಿ ಒಳಗೆ, ನೀವು ಹೊರಗೆ. ಹೊರಗೆ 29 ಡಿಗ್ರಿ ಇದ್ದರೆ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷಕ್ಕೆ 40, ಅರ್ಧ ಗಂಟೆಗೆ 48ರ ಹತ್ತಿರ. ಗಾಜು ಎರಡು ಬೆರಳು ಇಳಿಸಿಟ್ಟರೆ ಹೆಚ್ಚೇನೂ ವ್ಯತ್ಯಾಸವಾಗದು. ಒಬ್ಬರು ತಿಂದು ಬಂದ ಮೇಲೆ ಇನ್ನೊಬ್ಬರು ಹೋಗಿ.

ಬೆಳಗಿನ ಜಾವ 5ಕ್ಕೆ ಬಿಟ್ಟರೆ ತುಮಕೂರಿನ ವಾಹನ ದಟ್ಟಣೆಗೆ ಮುಂಚೆ ದಾಟುತ್ತೀರಿ, ಬಿಸಿಲೇರುವ ಹೊತ್ತಿಗೆ ಚಿತ್ರದುರ್ಗದ ಬಯಲೂ ಹಿಂದಾಗಿರುತ್ತದೆ. ಹಬ್ಬದ ಹಿಂದಿನ ಸಂಜೆ ಮಾತ್ರ ಹೊರಡಬೇಡಿ, ನೆಲಮಂಗಲ ದಾಟುವುದೇ ಕಷ್ಟ. ಎರಡು, ಎರಡೂವರೆ ಗಂಟೆಗೊಮ್ಮೆ ಹದಿನೈದು ನಿಮಿಷ ನಿಲ್ಲಿಸಿ: ಹಿರಿಯೂರು, ದಾವಣಗೆರೆ, ಹಾವೇರಿ. ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಬೇಡಿ, ಪೆಟ್ರೋಲ್ ಬಂಕಿನ ಹಿಂಭಾಗದಂಥ ಒಳಜಾಗ ನೋಡಿ. ಕ್ರಮ ಹೀಗಿರಲಿ: ಎಂಜಿನ್ ಬಂದ್, ಹಿಂದಿನ ಬಾಗಿಲನ್ನು ರಸ್ತೆಯ ಕಡೆಯಿಂದಲ್ಲ, ಎಡಗಡೆಯಿಂದ ತೆರೆಯುವುದು, ಮೊದಲು ಹಗ್ಗ ಹಾರ್ನೆಸ್‌ಗೆ, ಹಗ್ಗದ ಇನ್ನೊಂದು ತುದಿ ಮುಂಗೈಗೆ, ಆಮೇಲೆ ಬೆಲ್ಟ್ ಬಿಚ್ಚುವುದು. ಓಡಿಹೋಗುವ ನಾಯಿಗಳು ಹೆಚ್ಚಾಗಿ ಈ ಕ್ರಮ ತಿರುವುಮುರುವಾದಾಗ ಓಡುತ್ತವೆ. ಡಾಬಾದ ಸುತ್ತ ಕೋಳಿ ಮೂಳೆ ಬಿದ್ದಿರುತ್ತದೆ, ಲ್ಯಾಬ್ರಡಾರ್ ನುಂಗಿದ ಮೇಲೆ ನಿಮಗೆ ಗೊತ್ತಾಗುವುದು. ಡಾಂಬರಿನ ಮೇಲೆ ಅಂಗೈ ಹಿಂಭಾಗ ಏಳು ಸೆಕೆಂಡ್ ಇಡಲಾಗದಿದ್ದರೆ ಅವನನ್ನೂ ನಡೆಸಬೇಡಿ.

ನೀರು 5 ಲೀಟರ್, ಮನೆಯದೇ. ಪ್ರತಿ ನಿಲುಗಡೆಯಲ್ಲಿ ಒಂದು ಲೋಟದಷ್ಟು, ಒಮ್ಮೆಗೇ ಬಟ್ಟಲು ತುಂಬ ಅಲ್ಲ.

---

ಪಶುವೈದ್ಯೆ_ಹೆಬ್ಬಾಳ

ಬಿಸಿಲಿನ ಮಾತು ಬಂದದ್ದರಿಂದ ಇಷ್ಟು ಸೇರಿಸುತ್ತೇನೆ. ನಾಯಿಯ ಸಹಜ ಮೈಬಿಸಿ 38ರಿಂದ 39.2 ಡಿಗ್ರಿ. ಏದುಸಿರು ನಿಲ್ಲದೆ, ಜೊಲ್ಲು ಅಂಟಂಟಾಗಿ, ಒಸಡು ಇಟ್ಟಿಗೆ ಕೆಂಪಾಗಿ, ನಡಿಗೆ ತೂರಾಡಿದರೆ ಆಸ್ಪತ್ರೆ ಹುಡುಕುವ ಮೊದಲು ತಣಿಸಿ. ಹೊಟ್ಟೆ, ತೊಡೆಸಂದಿಗೆ ನೀರು ಸುರಿಯುತ್ತಾ ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಥರ್ಮಾಮೀಟರಿನಲ್ಲಿ 39.5ಕ್ಕೆ ಇಳಿದಾಗ ನಿಲ್ಲಿಸಿ, ಎಸಿ ಹಾಕಿದ ಕಾರಿನಲ್ಲಿ ವೈದ್ಯರ ಹತ್ತಿರ ಹೊರಡಿ. ಸುಧಾರಿಸಿದಂತೆ ಕಂಡರೂ ತೋರಿಸಲೇಬೇಕು, ಮೂತ್ರಪಿಂಡದ ಪೆಟ್ಟು ಮರುದಿನ ತಿಳಿಯುತ್ತದೆ.

---

ಸೊಪ್ಪಿನಬೆಟ್ಟ

ಶಿರಸಿ ಕಡೆಯ ಹಳ್ಳಿ ಅಂದಿದ್ದೀರಿ. ಅಲ್ಲಿನ ಅಪಾಯಗಳು ಬೇರೆ.

ಅಡಿಕೆ. ದೊಡ್ಡಹಬ್ಬದ, ಅಂದರೆ ದೀಪಾವಳಿಯ ಹೊತ್ತಿಗೆ ಅಡಿಕೆ ಗೊನೆಗಳ ಕೊಯ್ಲು ಶುರುವಾಗುವ ಕಾಲ. ಅಂಗಳದಲ್ಲಿ ಹಸಿ ಅಡಿಕೆ, ಬೇಯಿಸಿದ ಹಂಡೆಯಲ್ಲಿ ಉಳಿದ ಚೊಗರು ನೀರು, ಸಿಪ್ಪೆಯ ರಾಶಿ. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನು ಹಿಂದೆ ನಾಯಿಯ ಲಾಡಿಹುಳ ಕೆಡವಲು ಭೇದಿ ಔಷಧವಾಗಿಯೇ ಬಳಸುತ್ತಿದ್ದರು. ಲ್ಯಾಬ್ರಡಾರ್ ನಾಲ್ಕು ಅಡಿಕೆ ಅಗಿದರೆ ಜೊಲ್ಲು, ವಾಂತಿ, ಭೇದಿ ಒಟ್ಟಿಗೇ ಶುರುವಾಗಬಹುದು, ಹೆಚ್ಚಾದರೆ ಎದೆಬಡಿತ ನಿಧಾನವಾಗುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆದ ಮೈಲುತುತ್ತದ ಡ್ರಮ್ಮುಗಳು ಕೊಟ್ಟಿಗೆಯ ಹಿಂದೆ ನೀರು ತುಂಬಿಕೊಂಡು ನಿಂತಿರುತ್ತವೆ, ಅವನ್ನು ಕವುಚಿ ಹಾಕಲು ಹೇಳಿ. ಇಲಿ ಪಾಷಾಣ ಎಲ್ಲಿಟ್ಟಿದ್ದಾರೆ ಎಂದು ಹೋದ ಗಳಿಗೆಯಲ್ಲೇ ಕೇಳಿ.

ಉಂಬಳ, ಅಂದರೆ ಜಿಗಣೆ. ಕಾಲಿಗೆ ಹತ್ತಿದರೆ ದೊಡ್ಡ ವಿಷಯವಲ್ಲ, ಉಗುರನ್ನು ಅದರ ತೆಳು ತುದಿಯ ಕೆಳಗೆ ಸರಿಸಿ ಬಿಡಿಸಿ. ಮನುಷ್ಯರ ಹಾಗೆ ಹೊಗೆಸೊಪ್ಪು ಸುಣ್ಣ ಬಳಿಯಬೇಡಿ, ನಾಯಿ ಅದನ್ನು ನೆಕ್ಕಿದರೆ ನಿಕೋಟಿನ್ ವಿಷವಾಗುತ್ತದೆ. ನಿಂತ ನೀರು ಕುಡಿಯುವಾಗ ಮೂಗಿನೊಳಗೆ ಹೊಕ್ಕರೆ ಕಷ್ಟ. ಒಂದೇ ಹೊಳ್ಳೆಯಿಂದ ರಕ್ತ, ಪದೇ ಪದೇ ಸೀನು ಕಂಡರೆ ಅದೇ ಎಂದು ತಿಳಿಯಿರಿ. ಸ್ವಲ್ಪ ಹೊತ್ತು ನೀರು ಕೊಡದೆ, ಆಮೇಲೆ ತಣ್ಣೀರಿನ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದರೆ ಉಂಬಳ ಹೊರಗೆ ಚಾಚುತ್ತದೆ. ಜಾರುವುದರಿಂದ ಬಟ್ಟೆ ಸುತ್ತಿದ ಚಿಮಟದಲ್ಲಿ ಹಿಡಿಯಬೇಕು. ಒಂದೆರಡು ಸಲಕ್ಕೆ ಸಿಗದಿದ್ದರೆ ವೈದ್ಯರಿಗೆ ಬಿಡಿ.

ಉಣುಗು, ಅಂದರೆ ಉಣ್ಣಿ. ಅದರ ಕಡಿತದಿಂದ ಹರಡುವ ಮಂಗನ ಕಾಯಿಲೆಯ ಸೀಮೆ ಇದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು, ಪಕ್ಕದ ಸಿದ್ದಾಪುರದಲ್ಲೂ ಜನರಿಗೆ ಬಂದಿದೆ. ಜೋರು ಡಿಸೆಂಬರ್‌ನಿಂದ ಮೇವರೆಗೆ, ಆದರೂ ನಾಯಿಯ ಮೈಮೇಲೆ ಬಂದ ಉಣುಗು ಮನುಷ್ಯರಿಗೆ ದಾಟಬಹುದು. ನಾಯಿಯನ್ನು ಬೆಟ್ಟದ ದರಕಿನೊಳಗೆ, ಅಂದರೆ ಉದುರಿದ ಒಣ ಎಲೆಯೊಳಗೆ ಬಿಡಬೇಡಿ. ಸಂಜೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕಂಕುಳಲ್ಲಿ, ಬಾಲದ ಬುಡದಲ್ಲಿ ಹುಡುಕಿ. ಕೈಗವಸು ಹಾಕಿ, ಚಿಮಟವನ್ನು ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಉಗುರಲ್ಲಿ ಕುಕ್ಕಬೇಡಿ, ಸೀಮೆಎಣ್ಣೆ ಹಚ್ಚಬೇಡಿ. ತೆಗೆದದ್ದು ಸೋಪಿನ ನೀರಿಗೆ.

ಹಬ್ಬದ ದಿನ ಗೋಪೂಜೆಯ ಹೊತ್ತಿಗೆ ನಾಯಿ ಕೋಣೆಯೊಳಗಿರಲಿ. ಕರುವಿರುವ ಹಸು ಹೊಸ ನಾಯಿಯನ್ನು ಕಂಡರೆ ಹಾಯುತ್ತದೆ, ಪಟಾಕಿಗೆ ಹೆದರಿದ ನಾಯಿ ದಿಕ್ಕು ತಪ್ಪಿ ಓಡುತ್ತದೆ. ರಾತ್ರಿ ಅಂಗಳದಲ್ಲಿ ಕಟ್ಟಬೇಡಿ. ಚಿರತೆಗೆ ಕಟ್ಟಿಹಾಕಿದ ನಾಯಿಗಿಂತ ಸುಲಭದ ಬೇಟೆ ಇಲ್ಲ. ಕತ್ತಲಲ್ಲಿ ಉಚ್ಚೆಗೆ ಕರೆದೊಯ್ದಾಗಲೂ ಹಗ್ಗ, ಟಾರ್ಚ್ ಎರಡೂ ಇರಲಿ. ತೋಟದಂಚಿನಲ್ಲಿ ಹಂದಿಗೆ ಇಟ್ಟ ಉರುಳು, ಬೇಲಿಗೆ ಬಿಟ್ಟ ಕರೆಂಟು ಇರಬಹುದು.

ಹಾವು ಕಚ್ಚಿದರೆ ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ನಡೆಸದೆ ಎತ್ತಿಕೊಂಡು ಹೋಗಿ. ತಾಲೂಕು ಪಶು ಆಸ್ಪತ್ರೆಯವರು ಹೆಚ್ಚಾಗಿ ದನಕರು ನೋಡುವವರು. ಹೊರಡುವ ಮೊದಲೇ ಅವರಿಗೆ ಫೋನ್ ಮಾಡಿ ಹಬ್ಬದ ದಿನಗಳಲ್ಲಿ ಯಾರು ಇರುತ್ತಾರೆ, ಹಾವಿನ ವಿಷದ ಚುಚ್ಚುಮದ್ದು ಎಲ್ಲಿ ಸಿಗುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಪಶು ಆಂಬುಲೆನ್ಸ್ ಸಂಖ್ಯೆ 1962. ನಾಯಿಯ ಕುತ್ತಿಗೆಯ ಬಿಲ್ಲೆಯಲ್ಲಿ ನಿಮ್ಮ ಮೊಬೈಲ್ ಜೊತೆಗೆ ಅತ್ತೆ ಮನೆಯ ಫೋನ್ ಸಂಖ್ಯೆಯೂ ಇರಲಿ, ಹಳ್ಳಿಯಲ್ಲಿ ನಿಮ್ಮ ಸಿಗ್ನಲ್ ಸಿಗದೆ ಹೋಗಬಹುದು.

---

ಹೊರಟವ_ಬೆಂಗಳೂರು

ಅತ್ತೆಗೆ ಫೋನ್ ಮಾಡಿ ತಾರಸಿ ಕೋಣೆ ಕೇಳಿದ್ದಾಯಿತು, ಡ್ರಮ್ ಎರಡಿವೆಯಂತೆ, ಕವುಚುತ್ತಾರೆ. ಕೊನೆಯದೊಂದು: ಹಾವೇರಿ ದಾಟಿ ಶಿರಸಿ ಹತ್ತಿರವಾದ ಮೇಲೆ ಕಾಡಿನ ತಿರುವುಗಳಿವೆ. ಮಾತ್ರೆ ಕೊಟ್ಟರೂ ಅಲ್ಲಿ ಏನಾದರೂ ಮಾಡಬೇಕೇ?

---

ಪಶುವೈದ್ಯೆ_ಹೆಬ್ಬಾಳ

ಬೆಳಗಿನ ಜಾವ ಕೊಟ್ಟ ಮರೋಪಿಟೆಂಟ್ ಆ ಹೊತ್ತಿಗೂ ಕೆಲಸ ಮಾಡುತ್ತಿರುತ್ತದೆ, ಎರಡನೇ ಮಾತ್ರೆ ಬೇಡ. ಹಾವೇರಿಯಲ್ಲಿ ನೀರು ಮಾತ್ರ, ತಿಂಡಿ ಬೇಡ. ಎಸಿಯ ಗಾಳಿ ಹಿಂದಿನ ಸೀಟಿಗೆ ಬರುವಂತೆ ತಿರುಗಿಸಿ, ತಿರುವಿಗೆ ಮುಂಚೆಯೇ ವೇಗ ಇಳಿಸಿ. ಆಕಳಿಕೆ, ತುಟಿ ನೆಕ್ಕುವುದು, ಹನಿಹನಿ ಜೊಲ್ಲು, ಈ ಮೂರೂ ವಾಂತಿಗೆ ಮುಂಚಿನ ಸೂಚನೆ. ಕಂಡ ಕೂಡಲೇ ಅಗಲವಾದ ಜಾಗ ನೋಡಿ ಹತ್ತು ನಿಮಿಷ ನಿಲ್ಲಿಸಿ, ನೆಲದ ಮೇಲೆ ನಡೆಸಿದರೆ ಇಳಿಯುತ್ತದೆ. ವಾಪಸು ಬರುವ ದಿನಕ್ಕೂ ಒಂದು ಮಾತ್ರೆ ಈಗಲೇ ಬರೆಸಿಕೊಳ್ಳಿ, ಅದು ಎಲ್ಲಾ ಅಂಗಡಿಯಲ್ಲಿ ಸಿಗುವಂಥದ್ದಲ್ಲ.